ತಾಯಿ ಕಾರ್ಡಿನಲ್ಲಿ ಇಲ್ಲದ ಕಾಲಂ

ನವೆಂಬರ್ 17 ವಿಶ್ವ ಅಕಾಲಿಕ ಜನನ ದಿನ. ದೊಡ್ಡ ಆಸ್ಪತ್ರೆಗಳು ನೇರಳೆ ಬಣ್ಣದ ದೀಪ ಹಾಕಿಕೊಳ್ಳುತ್ತವೆ. ಗಣ್ಯರು ಭಾಷಣ ಮಾಡುತ್ತಾರೆ, ತಜ್ಞರು ಪರದೆಯ ಮೇಲೆ ಒಂದು ಪಟ್ಟಿ ತೋರಿಸುತ್ತಾರೆ. ದಿನ ತುಂಬುವ ಮುಂಚೆಯೇ ಹೆರಿಗೆ ಆಗಲು ಕಾರಣವಾಗುವ ಅಪಾಯಗಳ ಪಟ್ಟಿ. ಮಾರನೇ ದಿನ ದೀಪ ಬಿಚ್ಚುತ್ತಾರೆ. ಪಟ್ಟಿಯನ್ನು ಮುಂದಿನ ನವೆಂಬರ್‌ಗೆ ಎತ್ತಿಡುತ್ತಾರೆ.

ಆ ಪಟ್ಟಿಯನ್ನು ಒಮ್ಮೆ ಗಮನವಿಟ್ಟು ಓದಿ. ತಾಯಿಯ ವಯಸ್ಸು, ತಾಯಿಯ ತೂಕ, ತಾಯಿಯ ಬಿಪಿ, ತಾಯಿಯ ಹಿಮೋಗ್ಲೋಬಿನ್, ತಾಯಿಯ ಮೂತ್ರದ ಸೋಂಕು, ತಾಯಿಯ ಹಿಂದಿನ ಹೆರಿಗೆ, ಅವಳಿಯೋ ಒಂದೋ, ತಾಯಿ ಹೊಗೆಸೊಪ್ಪು ಹಾಕುತ್ತಾಳೋ ಇಲ್ಲವೋ. ಸ್ಕ್ಯಾನಿಂಗ್ ಮಾಡುವವರು ಇದ್ದರೋ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬಂತು, ಬಾಗಿಲಲ್ಲೇ ವಾಪಸ್ ಕಳಿಸಿದವರು ಯಾರು ಎಂಬ ಸಾಲುಗಳು ಅಲ್ಲಿಲ್ಲ. ಪರೀಕ್ಷೆಗೆ ಕೂತವಳು ಒಬ್ಬಳೇ, ಫೇಲಾದವಳೂ ಒಬ್ಬಳೇ.

ಸಂಶೋಧನೆಗೆ ಬರವಿಲ್ಲ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1.34 ಕೋಟಿ ಮಕ್ಕಳು 37 ವಾರ ತುಂಬುವ ಮುಂಚೆ ಹುಟ್ಟಿದವು ಎಂದು ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಅಂದಾಜು ಮಾಡಿವೆ. ಅದರಲ್ಲಿ 30 ಲಕ್ಷ ನಮ್ಮ ದೇಶದವೇ. ಜಗತ್ತಿನ ಪ್ರಮಾಣ 2010ರಲ್ಲಿ ಶೇ 9.8 ಇತ್ತು, 2020ರಲ್ಲಿ ಶೇ 9.9. ಹತ್ತು ವರ್ಷದ ಸಮ್ಮೇಳನ, ಘೋಷಣೆ, ನೇರಳೆ ದೀಪಗಳ ನಿವ್ವಳ ಗಳಿಕೆ ಇದು.

ತಾನಾಗಿಯೇ ಶುರುವಾಗುವ ಅಕಾಲಿಕ ಹೆರಿಗೆಗಳಲ್ಲಿ ಬಹಳಷ್ಟಕ್ಕೆ ಖಚಿತ ಕಾರಣ ಇಂದಿಗೂ ವೈದ್ಯರ ಕೈಗೆ ಸಿಕ್ಕಿಲ್ಲ. ಆ ಬಗ್ಗೆ ತಕರಾರಿಲ್ಲ, ವಿಜ್ಞಾನಕ್ಕೆ ಸಮಯ ಬೇಕು. ತಕರಾರು ಇರುವುದು ಗೊತ್ತಾಗಿರುವ ಸಂಗತಿಗಳ ಬಗ್ಗೆ. ಅವು ಪತ್ರಿಕೆಗಳಲ್ಲಿ ಅಚ್ಚಾಗಿ ವರ್ಷಗಳಾದವು. ತುಮಕೂರು, ಗುಬ್ಬಿ, ಕುಣಿಗಲ್‌ನ ಹೆರಿಗೆ ವಾರ್ಡಿಗೆ ಇನ್ನೂ ದಾರಿಯಲ್ಲಿವೆ.

ನಮ್ಮ ಅಜ್ಜಿಯರ ಹತ್ತಿರವೂ ಒಂದು ಸಿದ್ಧಾಂತ ಇತ್ತು. ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟು ತಿಂಗಳಿಗೆ ಹುಟ್ಟಿದ್ದು ಉಳಿಯಲ್ಲ ಅನ್ನುತ್ತಿದ್ದರು. ಶುದ್ಧ ತಪ್ಪು. ಹೊಟ್ಟೆಯಲ್ಲಿ ಒಂದೊಂದು ವಾರ ಹೆಚ್ಚು ಇದ್ದಷ್ಟೂ ಮಗು ಉಳಿಯುವ ಸಂಭವ ಹೆಚ್ಚು. ಆದರೂ ಅಜ್ಜಿಯ ಹತ್ತಿರ ತಪ್ಪೋ ಸರಿಯೋ ಒಂದು ಲೆಕ್ಕ ಇತ್ತು. ಇವತ್ತು ಎಷ್ಟನೇ ವಾರ ಎಂದು ನಾಲ್ಕು ಕಡೆ ಕೇಳಿದರೆ ನಾಲ್ಕು ಉತ್ತರ ಬರುತ್ತದೆ.

ಏಕೆಂದು ತಿಳಿಯಬೇಕಾದರೆ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡ್ ತೆರೆಯಬೇಕು. ಅದರಲ್ಲಿ ಎರಡು ದಿನಾಂಕ ಬರೆಯಲು ಜಾಗ ಇರುತ್ತದೆ. ಕೊನೆಯ ಸಲ ಮುಟ್ಟಾದ ದಿನ, ಹೆರಿಗೆಯ ಅಂದಾಜು ದಿನ. ಮೊದಲನೆಯದಕ್ಕೆ 280 ದಿನ ಕೂಡಿಸಿದರೆ ಎರಡನೆಯದು ಬರುತ್ತದೆ. ಲೆಕ್ಕ ಪಕ್ಕಾ. ಮೊದಲನೆಯ ದಿನಾಂಕ ಎಲ್ಲಿಂದ ಬಂತು ಎಂದು ಮಾತ್ರ ಕೇಳಬಾರದು.

ಗುಬ್ಬಿ ತಾಲ್ಲೂಕಿನ ಯಾವುದಾದರೂ ಅಂಗನವಾಡಿ ಜಗುಲಿಯಲ್ಲಿ ಅರ್ಧ ಗಂಟೆ ಕೂತರೆ ಕಿವಿಗೆ ಬೀಳುವ ಮಾತು ಹೀಗಿರುತ್ತದೆ. ‘ಲಾಸ್ಟ್ ಡೇಟ್ ಯಾವಾಗಮ್ಮ ಆಗಿದ್ದು?’ ‘ಗುಬ್ಬಿ ಜಾತ್ರೆ ಮುಗಿದು ಒಂದ್ ವಾರಕ್ಕೆ ಅನ್ಸುತ್ತೆ ಅಕ್ಕಾ.’ ‘ತೇರಿನ ದಿನದಿಂದ ಒಂದ್ ವಾರನೋ, ಎಲ್ಲಾ ಮುಗಿದ ಮೇಲೋ?’ ‘ತೇರಿಗೆ ನಮ್ಮನೆಗೆ ನೆಂಟರು ಬಂದಿದ್ರಲ್ಲ, ಅವರು ಹೋದ್ಮೇಲೆ.’ ಆಶಾ ಕಾರ್ಯಕರ್ತೆ ಗೋಡೆಯ ಕ್ಯಾಲೆಂಡರ್ ಕಡೆ ನೋಡಿ, ಬೆರಳು ಮಡಚಿ, ಒಂದು ದಿನಾಂಕ ಬರೆಯುತ್ತಾರೆ. ನೆಂಟರು ಎಷ್ಟು ದಿನ ಉಳಿದರು ಎಂಬುದರ ಮೇಲೆ ಒಂದು ಮಗುವಿನ ವಯಸ್ಸು ನಿಂತಿದೆ.

ಇದರಲ್ಲಿ ಹೆಂಗಸಿನ ತಪ್ಪೂ ಇಲ್ಲ, ಆಶಾ ಅವರ ತಪ್ಪೂ ಇಲ್ಲ. ಹಬ್ಬ, ಜಾತ್ರೆ, ರಾಗಿ ಕೊಯ್ಲು ನೋಡಿಕೊಂಡು ದಿನ ಎಣಿಸುವವರು ನಾವು. ಆದರೆ ಈ ಅಂದಾಜಿನಲ್ಲಿ ಎರಡು ವಾರ ಆಚೀಚೆ ಆದರೆ 35 ವಾರದ ಮಗು ಕಾಗದದ ಮೇಲೆ 37 ವಾರದ್ದಾಗುತ್ತದೆ. ಕಾಗದದ ಮೇಲೆ ದಿನ ತುಂಬಿತು. ಶ್ವಾಸಕೋಶಕ್ಕೆ ಆ ಕಾಗದ ತಲುಪಿರುವುದಿಲ್ಲ.

ಕುಣಿಗಲ್ ಸ್ಟಡ್ ಫಾರಂ ಗೊತ್ತಲ್ಲ. ಥರೋಬ್ರೆಡ್ ಕುದುರೆಗಳ ಲೋಕದಲ್ಲಿ ಹೆಣ್ಣು ಕುದುರೆಯನ್ನು ಯಾವ ಗಂಡಿನ ಜೊತೆ, ಯಾವ ದಿನ ಕೂಡಿಸಿದರು ಎಂಬುದನ್ನು ಬರೆದಿಡಲೇಬೇಕು. ದಿನಾಂಕ ಸ್ಟಡ್ ಬುಕ್ಕಿನ ಕಚೇರಿಗೆ ಹೋಗಬೇಕು, ಇಲ್ಲದಿದ್ದರೆ ಮರಿಗೆ ಮಾನ್ಯತೆಯೇ ಇಲ್ಲ. ಹನ್ನೊಂದು ತಿಂಗಳ ಗಬ್ಬಕ್ಕೆ ದಿನದ ಲೆಕ್ಕ ಇರುತ್ತದೆ. ಬೇಲಿಯ ಈಚೆ ಇರುವ ಹೆಣ್ಣುಮಕ್ಕಳು ರೇಸಿಗೆ ಓಡುವುದಿಲ್ಲವಲ್ಲ.

ಪರಿಹಾರ ರಾಕೆಟ್ ವಿಜ್ಞಾನವಲ್ಲ. ಮೊದಲ 13 ವಾರದೊಳಗೆ ಒಂದು ಸ್ಕ್ಯಾನಿಂಗ್ ಆದರೆ ಲೆಕ್ಕ ಒಂದು ವಾರದ ಆಚೀಚೆಗೆ ನಿಲ್ಲುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಕ್ಯಾನಿಂಗ್ ವಾರದಲ್ಲಿ ಇಂತಿಷ್ಟೇ ದಿನ, ದಿನಕ್ಕೆ ಇಂತಿಷ್ಟೇ ಮಂದಿಗೆ ಎಂಬುದು ನಾವೆಲ್ಲ ಓದಿರುವ ಬೋರ್ಡು. ಸರದಿ ಬರುವಷ್ಟರಲ್ಲಿ ಐದನೇ ತಿಂಗಳು. ಆಗ ಪರದೆಯ ಮೇಲೆ ಮಗು ಕೈಕಾಲು ಆಡಿಸುವುದು ಚೆನ್ನಾಗಿ ಕಾಣುತ್ತದೆ, ದಿನಾಂಕ ಮಸುಕು.

ಕಾಯಲಾಗದವರು ಖಾಸಗಿಗೆ ಹೋಗುತ್ತಾರೆ. ಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಪ್ರಕಾರ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ಪ್ರತಿ ಸ್ಕ್ಯಾನಿಂಗಿಗೂ ಫಾರಂ ತುಂಬಬೇಕು. ಕಾಯ್ದೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಯಂತ್ರದ ಮೇಲೆ ನಿಗಾ ಇಡಲು ಸಮಿತಿಗಳು ಹುಟ್ಟಿಕೊಂಡವು. ಯಂತ್ರದ ಮುಂದೆ ಕೂರುವ ರೇಡಿಯಾಲಜಿಸ್ಟ್‌ನನ್ನು ತಾಲ್ಲೂಕಿಗೆ ತರಲು ಮಾತ್ರ ಯಾವ ಸಮಿತಿಯೂ ಹುಟ್ಟಲಿಲ್ಲ.

ದೂರದ ಗುರುಗ್ರಾಮದ ಸಿವಿಲ್ ಆಸ್ಪತ್ರೆಯಲ್ಲಿ 2015ರಿಂದ ‘ಗರ್ಭಿಣಿ’ ಎಂಬ ಹೆಸರಿನಲ್ಲೇ ಒಂದು ಅಧ್ಯಯನ ನಡೆದಿದೆ. ಸಾವಿರಾರು ಗರ್ಭಿಣಿಯರನ್ನು ಮೊದಲ ತಿಂಗಳುಗಳಿಂದ ಹೆರಿಗೆವರೆಗೆ ಗಮನಿಸಿದ್ದಾರೆ. ಅದರ ಆಧಾರದಲ್ಲಿ ಫರೀದಾಬಾದ್‌ನ ಸಂಶೋಧಕರು, ಮದ್ರಾಸ್ ಐಐಟಿಯವರು ಸೇರಿ ನಮ್ಮ ಹೆಣ್ಣುಮಕ್ಕಳಿಗೆ ಹೊಂದುವ ಲೆಕ್ಕದ ಸೂತ್ರ ಮಾಡಿ 2024ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ನಮ್ಮ ಮಕ್ಕಳ ವಯಸ್ಸನ್ನು ಅಳೆಯುತ್ತಿದ್ದದ್ದು ಅಮೆರಿಕದ ಹ್ಯಾಡ್‌ಲಾಕ್ ಎಂಬಾತ ಅಲ್ಲಿನ ಮಕ್ಕಳನ್ನು ನೋಡಿ ಮಾಡಿದ ಸೂತ್ರದಿಂದ. ಸ್ವದೇಶಿ ಸೂತ್ರ ಬಂದಿದ್ದು ಒಳ್ಳೆಯದೇ. ಇನ್ನು ಸ್ಕ್ಯಾನಿಂಗ್ ಕೊಠಡಿಯ ಬೀಗ ತೆಗೆಯುವವರೊಬ್ಬರು ಬಂದರೆ ಸಾಕು.

ದಿನಾಂಕಕ್ಕೆ ಇಷ್ಟೊಂದು ಗಲಾಟೆ ಏಕೆ ಎನ್ನುವವರು ಬೆಳಗಾವಿ ಕಡೆ ನೋಡಬೇಕು. ಅಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಈ ವಿಷಯದಲ್ಲಿ ಜಗತ್ತಿಗೆ ಗೊತ್ತಿರುವ ಹೆಸರು. ಅಕಾಲಿಕ ಹೆರಿಗೆ ಆಗುವ ಸೂಚನೆ ಇದ್ದಾಗ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಬಲಿಯುತ್ತದೆ. ದುಬಾರಿ ಔಷಧವೇನಲ್ಲ, ಡೆಕ್ಸಾಮೆಥಾಸೋನ್. ಇದನ್ನು ಹಳ್ಳಿಗಳ ಮಟ್ಟಕ್ಕೆ ಒಯ್ದರೆ ಏನಾಗುತ್ತದೆ ಎಂಬ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಬೆಳಗಾವಿಯೂ ಇತ್ತು. ಫಲಿತಾಂಶ 2015ರಲ್ಲಿ ಬಂತು. ಒಳ್ಳೆಯದಾಗುತ್ತದೆ ಎಂದು ಕಾದವರಿಗೆ ಆಘಾತ.

ಚುಚ್ಚುಮದ್ದಿನ ಅಭಿಯಾನ ನಡೆದ ಕಡೆಗಳಲ್ಲಿ ನವಜಾತ ಶಿಶುಗಳ ಸಾವು 1,000ಕ್ಕೆ 27.4. ನಡೆಯದ ಕಡೆ 23.9. ಮದ್ದು ಸರಿಯಾಗಿತ್ತು, ಕೊಟ್ಟವರ ಉದ್ದೇಶವೂ ಸರಿಯಾಗಿತ್ತು. ಆದರೆ ಎಷ್ಟನೇ ವಾರ ಎಂಬುದೇ ಖಚಿತವಿಲ್ಲದ ಕಡೆ, ಬೇಕಾದವರಲ್ಲಿ ಹಲವರಿಗೆ ಸಿಗದೆ, ದಿನ ತುಂಬಿ ಹೆರುವವರಿಗೂ ಮದ್ದು ಹೋಗಿತ್ತು. ಸೋಂಕು ಹೆಚ್ಚಿರಬಹುದೆಂಬ ಅನುಮಾನವೂ ಬಂತು. ಜಾತ್ರೆಗೆ ಬಂದ ನೆಂಟರ ಲೆಕ್ಕಕ್ಕೆ ಜೀವದ ಬೆಲೆ ಇದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬೇಕು?

ಸಂಶೋಧಕರು ಅಲ್ಲಿಗೇ ಬಿಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಅಧ್ಯಯನ ಮಾಡಿತು. ಭಾರತ, ಬಾಂಗ್ಲಾ, ಪಾಕಿಸ್ತಾನ, ಕೀನ್ಯಾ, ನೈಜೀರಿಯಾದ ಆಸ್ಪತ್ರೆಗಳಲ್ಲಿ. ಈ ಸಲ ಸ್ಕ್ಯಾನಿಂಗ್ ಮಾಡಿ ವಾರ ಖಚಿತಪಡಿಸಿಕೊಂಡು, ಮಗುವನ್ನು ನೋಡಿಕೊಳ್ಳುವ ಘಟಕ ಇರುವ ಕಡೆ ಮಾತ್ರ ಮದ್ದು ಕೊಟ್ಟರು. 2020ರಲ್ಲಿ ಬಂದ ಫಲಿತಾಂಶ: ಮದ್ದು ಪಡೆದವರ ಮಕ್ಕಳಲ್ಲಿ ಸಾವು ಶೇ 19.6, ಪಡೆಯದವರಲ್ಲಿ ಶೇ 23.5. ಅದೇ ಮದ್ದು. ಬದಲಾಗಿದ್ದು ಸುತ್ತಲಿನ ವ್ಯವಸ್ಥೆ. ಅಪಾಯದ ಪಟ್ಟಿಯಲ್ಲಿ ‘ವ್ಯವಸ್ಥೆ’ ಎಂಬ ಸಾಲು ಆಮೇಲಾದರೂ ಸೇರಿತೇ ಎಂದು ಹುಡುಕಿ ನೋಡಿ.

ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಈ ಯಾವ ಫಲಿತಾಂಶಕ್ಕೂ ಕಾಯಲಿಲ್ಲ. 2014ರಲ್ಲೇ ಮಾರ್ಗಸೂಚಿ ಹೊರಡಿಸಿ, 24ರಿಂದ 34 ವಾರದೊಳಗೆ ನೋವು ಬಂದರೆ ದೊಡ್ಡಾಸ್ಪತ್ರೆಗೆ ಕಳಿಸುವ ಮುನ್ನ ಉಪಕೇಂದ್ರದ ನರ್ಸಮ್ಮನೇ ಮೊದಲ ಡೋಸ್ ಕೊಡಬಹುದು ಎಂದಿತು. 34ನೇ ವಾರವೋ 36ನೇ ವಾರವೋ ಎಂದು ನಿರ್ಧರಿಸಬೇಕಾದವರು ಅವರು. ಕೈಯಲ್ಲಿ ಇರುವ ಆಧಾರ ತಾಯಿ ಕಾರ್ಡ್. ತಾಯಿ ಕಾರ್ಡಿನ ಆಧಾರ ನಾವು ಆಗಲೇ ನೋಡಿದೆವು.

ಬೆಳಗಾವಿಯ ಇನ್ನೊಂದು ಕೆಲಸ ನೋಡಿ. ಚೊಚ್ಚಲ ಬಸುರಿಯರಿಗೆ ಸಣ್ಣ ಪ್ರಮಾಣದ ಆಸ್ಪಿರಿನ್, ದಿನಕ್ಕೆ 81 ಮಿಲಿಗ್ರಾಂ. ಆರು ದೇಶಗಳ 11,976 ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಬೆಳಗಾವಿ, ನಾಗಪುರ ಎರಡೂ ಇದ್ದವು. ಅಕಾಲಿಕ ಹೆರಿಗೆ ಶೇ 13.1ರಿಂದ 11.6ಕ್ಕೆ ಇಳಿಯಿತು. (ಇದನ್ನು ಓದಿ ಯಾರೂ ಮೆಡಿಕಲ್ ಸ್ಟೋರಿಗೆ ಹೋಗಬೇಡಿ, ಯಾರಿಗೆ ಕೊಡಬೇಕು ಎನ್ನುವುದು ವೈದ್ಯರ ಕೆಲಸ.) ಒಂದೇ ಷರತ್ತು, ಮಾತ್ರೆ 6ರಿಂದ 14ನೇ ವಾರದ ನಡುವೆ ಶುರುವಾಗಬೇಕು. ಷರತ್ತು ಸಣ್ಣದು ಅನಿಸಿದರೆ ನೀವು ನಮ್ಮ ಕಡೆಯವರಲ್ಲ.

ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಬಿಡುವುದಿಲ್ಲ. ದೃಷ್ಟಿಯಾಗುತ್ತದೆ, ಉಳಿದ ಮೇಲೆ ಹೇಳೋಣ ಎಂಬ ಹಿರಿಯರ ಎಚ್ಚರಿಕೆ. ವಿಜ್ಞಾನದ ಗಡಿಯಾರ ಓಡುವುದೂ ಅದೇ ಮೂರು ತಿಂಗಳಲ್ಲಿ. ಇದನ್ನು ಮೂಢನಂಬಿಕೆ ಎಂದು ಬೈಯುವುದು ಸುಲಭ. ಅತ್ತೆಗೆ ಗೊತ್ತಾಗುವ ಮುಂಚೆ ಸೊಸೆಯ ಬಾಯಿಂದ ಈ ಸುದ್ದಿ ಕೇಳಬಲ್ಲವರು ಊರಿನಲ್ಲಿ ಒಬ್ಬರೇ, ಆಶಾ ಕಾರ್ಯಕರ್ತೆ. ಅವರನ್ನು ನಾವು ಹೇಗೆ ನೋಡಿಕೊಂಡಿದ್ದೇವೆ ಎನ್ನುವುದೂ ಅಪಾಯದ ಪಟ್ಟಿಯಲ್ಲಿಲ್ಲ.

2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲೂ ರಾತ್ರಿ ಕೂತರು. ಏಪ್ರಿಲ್‌ನಿಂದ ತಿಂಗಳಿಗೆ ಕನಿಷ್ಠ 10,000 ರೂಪಾಯಿ ಎಂಬ ಭರವಸೆ ಪಡೆದು ಊರಿಗೆ ಮರಳಿದರು. ಆಗಸ್ಟ್‌ನಲ್ಲಿ ಅದೇ ಭರವಸೆ ಈಡೇರಿಸಿ ಎಂದು ಮತ್ತೆ ಬೀದಿಗೆ ಬಂದರು. ಬಸುರಿಯ 280 ದಿನ ಎಣಿಸಬೇಕಾದವರು ಸರ್ಕಾರದ ಭರವಸೆಯ ದಿನ ಎಣಿಸುತ್ತಿದ್ದರು.

ಇನ್ನು ರಕ್ತ. ‘ರಕ್ತ ಕಮ್ಮಿ ಇದೆ’ ಎಂಬ ಮಾತು ಕೇಳದೆ ತಾಯಿಯಾದವರು ನಮ್ಮಲ್ಲಿ ಅಪರೂಪ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.4 ಮಂದಿಗೆ ರಕ್ತಹೀನತೆ ಇತ್ತು. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಬಂತು, ವರ್ಷಕ್ಕೆ ಶೇ 3ರಂತೆ ಇಳಿಸುವ ಗುರಿ. 2019–20ರ ಸಮೀಕ್ಷೆಯಲ್ಲಿ ಕರ್ನಾಟಕದ ಅಂಕಿ ಶೇ 45.7. ಇಳಿಸುವ ಕಾರ್ಯಕ್ರಮದ ಮುಖ ನೋಡಿ ಅಂಕಿ ಒಂದು ಮೆಟ್ಟಿಲು ಮೇಲೆ ಹತ್ತಿತ್ತು.

ಅದೇ ಸಮೀಕ್ಷೆಗಳ ಇನ್ನೊಂದು ಸಾಲು. 18 ತುಂಬುವ ಮುಂಚೆ ಮದುವೆಯಾದವರು (20ರಿಂದ 24 ವರ್ಷದವರಲ್ಲಿ) ಶೇ 21.4 ಇದ್ದದ್ದು ಶೇ 21.3 ಆಯಿತು. ಚಿಕ್ಕ ವಯಸ್ಸಿನ ಬಸಿರು ಅಪಾಯದ ಪಟ್ಟಿಯಲ್ಲಿ ಮೊದಲ ಸಾಲುಗಳಲ್ಲೇ ಇದೆ. ನಾಲ್ಕು ವರ್ಷಕ್ಕೆ 0.1. ಈ ವೇಗದಲ್ಲಿ ಇಂದು ಹುಟ್ಟಿದ ಹುಡುಗಿಯ ಮೊಮ್ಮಗಳ ಮೊಮ್ಮಗಳ ಮದುವೆ ಹೊತ್ತಿಗೂ ಪಟ್ಟಿ ಕರಗಿರುವುದಿಲ್ಲ.

ಕೆಂಪು ಮಾತ್ರೆ ಕೊಡುವುದಿಲ್ಲವೇ? ಕೊಡುತ್ತಾರೆ. ಮನೆಗಳಲ್ಲಿ ದೇವರ ಫೋಟೊ ಪಕ್ಕದ ಗೂಡಿನಲ್ಲಿ, ಕರೆಂಟ್ ಬಿಲ್ಲಿನ ಜೊತೆ, ಎರಡೇ ಮಾತ್ರೆ ಖಾಲಿಯಾದ ಹಾಳೆಗಳು ಸಿಗುತ್ತವೆ. ವಾಕರಿಕೆ ಬರುತ್ತೆ, ಮಲ ಕಪ್ಪಗಾಗುತ್ತೆ, ಮಗು ಕಪ್ಪಗಾಗುತ್ತೆ ಅಂತ ಅತ್ತೆ ಬೇಡ ಅಂದರು. ಎಂದಿನಂತೆ ತಪ್ಪು ತಾಯಿಯ ಖಾತೆಗೆ. ಮಾತ್ರೆ ಹಂಚಿದ್ದಕ್ಕೆ ರಿಜಿಸ್ಟರ್ ಇದೆ. ನುಂಗದಿದ್ದರೆ ಏಕೆ ಎಂದು ಕೂತು ಕೇಳುವುದಕ್ಕೆ ರಿಜಿಸ್ಟರ್ ಇಲ್ಲ.

ಊಟದ ಕಥೆಯೂ ಅಷ್ಟೇ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಶುರುವಾಯಿತು. ಗರ್ಭಿಣಿ, ಬಾಣಂತಿಯರಿಗೆ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು. ಯೋಜನೆ ನಿಜಕ್ಕೂ ಚೆನ್ನಾಗಿತ್ತು. ಆದರೆ ಅಂಗನವಾಡಿಗೇ ಬಂದು ಉಣ್ಣಬೇಕು. ತೋಟದ ಮನೆಯಲ್ಲಿರುವವಳು ಏಳು ತಿಂಗಳ ಹೊಟ್ಟೆ ಹೊತ್ತು, ಅಡಿಕೆ ಸುಲಿಯುವ ಕೂಲಿ ಬಿಟ್ಟು, ಏರು ಬಿಸಿಲಲ್ಲಿ ನಡೆದು ಬಂದು ಉಂಡು ವಾಪಸ್ ಹೋಗಬೇಕು. ಊಟ ಕೊಟ್ಟ ಶಕ್ತಿಯನ್ನು ದಾರಿ ತಿನ್ನುತ್ತಿತ್ತು.

ದುಡ್ಡಿನ ಮಾತೂ ಆಗಲಿ. 2013ರ ಆಹಾರ ಭದ್ರತಾ ಕಾಯ್ದೆ ಪ್ರತಿ ಗರ್ಭಿಣಿಗೂ 6,000 ರೂಪಾಯಿಗೆ ಕಡಿಮೆ ಇಲ್ಲದ ನೆರವು ಎಂದಿತು. 2017ರ ಮಾತೃ ವಂದನಾ ಯೋಜನೆ 5,000 ಎಂದಿತು, ಅದೂ ಚೊಚ್ಚಲ ಹೆರಿಗೆಗೆ, ಅದೂ ಕಂತಿನಲ್ಲಿ. ಕಡೆಯ ಕಂತು ಬರುವುದು ಮಗು ಹುಟ್ಟಿ ಲಸಿಕೆ ಹಾಕಿಸಿದ ಮೇಲೆ. ಬಸಿರಿನಲ್ಲಿ ತಿನ್ನಲು ಕೊಟ್ಟ ಹಣ ಮಗುವಿನ ನಾಮಕರಣ ಮುಗಿದ ಮೇಲೆ ತಲುಪುತ್ತದೆ.

ಮೂತ್ರದ ಸೋಂಕು ಎಂಬ ಸಾಲಿಗೆ ಬರೋಣ. ಅಕಾಲಿಕ ಹೆರಿಗೆಗೆ ಇದು ದೊಡ್ಡ ಕಾರಣಗಳಲ್ಲೊಂದು, ಪತ್ತೆಯಾದರೆ ಗುಣಪಡಿಸಲು ಸುಲಭವಾದದ್ದೂ ಹೌದು. ಹೆಚ್ಚು ನೀರು ಕುಡಿಯಮ್ಮ, ಕಟ್ಟಿಕೊಂಡು ಕೂರಬೇಡ ಎಂದು ಡಾಕ್ಟರ್ ಹೇಳುತ್ತಾರೆ. ಬೆಳಿಗ್ಗೆ ಬಸ್ ಹತ್ತಿ ಗಾರ್ಮೆಂಟ್ಸ್‌ಗೆ ಹೋಗಿ ಕತ್ತಲಾದ ಮೇಲೆ ಮನೆಗೆ ಬರುವವಳು ಆ ಮಾತು ಕೇಳಿ ಸುಮ್ಮನೆ ತಲೆಯಾಡಿಸುತ್ತಾಳೆ. ಅವಳು ನೀರು ಕುಡಿಯದಿರುವುದು ಬಾಯಾರದೆ ಅಲ್ಲ. ಕುಡಿದರೆ ಹೋಗುವುದೆಲ್ಲಿಗೆ?

ಬಸ್‌ಸ್ಟ್ಯಾಂಡಿನ ಶೌಚಾಲಯದ ಚಿಲಕವಿಲ್ಲದ ಬಾಗಿಲು, ಒದ್ದೆ ನೆಲ, ಚಿಲ್ಲರೆ ಕೇಳುವ ಕೈ ನಮಗೆಲ್ಲ ಪರಿಚಯ. ತುಮಕೂರು 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿ ಸೇರಿತು. ಈಗ ಮೆಟ್ರೊ ಬರುತ್ತದೆ ಎನ್ನುತ್ತಾರೆ. ಬರಲಿ. ಆ ಮೆಟ್ರೊ ಹತ್ತುವ ಗರ್ಭಿಣಿ ಗಂಟಲು ಒಣಗಿಸಿಕೊಂಡೇ ಹತ್ತಬೇಕಾಗದಿದ್ದರೆ ಸರಿ.

ಜನರಾದ ನಾವು ಪೂರ್ತಿ ಸಾಚಾ ಏನಲ್ಲ. ಮೂಲಾ ನಕ್ಷತ್ರ ತಪ್ಪಿಸಬೇಕು, ಶುಕ್ರವಾರವೇ ಆಗಬೇಕು ಎಂದು ಜೋಯಿಸರಿಂದ ಚೀಟಿ ಬರೆಸಿಕೊಂಡು ಸಿಸೇರಿಯನ್‌ಗೆ ಸಮಯ ಗೊತ್ತು ಮಾಡುವ ಮನೆಗಳು ಎಷ್ಟಿಲ್ಲ? ರಾಜ್ಯದಲ್ಲಿ ಸಿಸೇರಿಯನ್ ಅದೇ ಎರಡು ಸಮೀಕ್ಷೆಗಳ ನಡುವೆ ಶೇ 23.6ರಿಂದ 31.5ಕ್ಕೆ ಏರಿತು. ದಿನಾಂಕವೇ ಅಂದಾಜು, ಅದರ ಮೇಲೆ ಮುಹೂರ್ತಕ್ಕಾಗಿ ಒಂದು ವಾರ ಮುಂಚೆ ಕೊಯ್ದರೆ, ಗ್ರಹಗತಿ ಸರಿಯಿರುವ ಮಗು ಉಸಿರಾಟ ಸರಿಯಿಲ್ಲದೆ ಗಾಜಿನ ಪೆಟ್ಟಿಗೆ ಸೇರುತ್ತದೆ. ಮುಹೂರ್ತ ಒಪ್ಪಿಕೊಂಡ ಆಸ್ಪತ್ರೆ ಆ ಪೆಟ್ಟಿಗೆಗೂ ದಿನದ ಬಾಡಿಗೆ ಹಾಕುತ್ತದೆ.

ಸಂಶೋಧನೆ ದೂರದಲ್ಲೇನೂ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11,000 ಚೊಚ್ಚಲ ಬಸುರಿಯರ ಮೇಲೆ ಕ್ಯಾಲ್ಸಿಯಂ ಮಾತ್ರೆಯ ಅಧ್ಯಯನ ಮಾಡಿ 2024ರ ಜನವರಿಯಲ್ಲಿ ಪ್ರಕಟಿಸಿದರು. ದಿನಕ್ಕೆ 500 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಅಕಾಲಿಕ ಜನನ ಶೇ 11.4, 1,500 ತೆಗೆದುಕೊಂಡವರಲ್ಲಿ ಶೇ 12.8. ಅಂದರೆ ಮೂರು ಮಾತ್ರೆ ನುಂಗುವ ಕಡೆ ಒಂದು ಸಾಕಾಗಬಹುದು. ಅಲ್ಲಿಂದ ಕುಣಿಗಲ್‌ಗೆ ಬಸ್ಸಿನಲ್ಲಿ ಎರಡು ಮೂರು ಗಂಟೆ. ಸುತ್ತೋಲೆಗೆ ಎಷ್ಟು ವರ್ಷವೋ.

ಈಗ ತುಮಕೂರು ನಗರದ ಆ ಘಟನೆ. ನಾವು ಮರೆತಿಲ್ಲ, ಮರೆಯಲೂಬಾರದು. 2022ರ ನವೆಂಬರ್ ಮೊದಲ ವಾರ. ತಮಿಳುನಾಡಿನಿಂದ ಬಂದು ಭಾರತಿನಗರದಲ್ಲಿ ಬಾಡಿಗೆ ಮನೆಯಲ್ಲಿದ್ದ ಗರ್ಭಿಣಿಗೆ ನೋವು ಕಾಣಿಸಿತು. ಅಕ್ಕಪಕ್ಕದವರು ಹಣ ಹೊಂದಿಸಿ ಆಟೊದಲ್ಲಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ತಾಯಿ ಕಾರ್ಡ್ ಕೇಳಿದರು, ಆಧಾರ್ ಕೇಳಿದರು. ಎರಡೂ ಇರಲಿಲ್ಲ. ಬೆಂಗಳೂರಿನ ವಿಕ್ಟೋರಿಯಾಕ್ಕೆ ಹೋಗಿ ಎಂದರು. ಹೋಗಲು ಹಣ ಇರಲಿಲ್ಲ, ಮನೆಗೆ ಮರಳಿದರು. ಹೊಟ್ಟೆಯಲ್ಲಿದ್ದದ್ದು ಅವಳಿ. ಮನೆಯಲ್ಲೇ ಹೆರಿಗೆಯಾಗಿ ತಾಯಿ, ಎರಡೂ ಮಕ್ಕಳು ತೀರಿಕೊಂಡರು.

ಅಪಾಯದ ಪಟ್ಟಿಯಲ್ಲಿ ಅವಳಿ ಬಸಿರಿಗೆ ಒಂದು ಸಾಲು ಇದೆ. ಬಡತನಕ್ಕೆ ಇದೆ, ತಪಾಸಣೆ ಮಾಡಿಸಿಕೊಳ್ಳದಿದ್ದುದಕ್ಕೆ ಇದೆ. ಸಂಶೋಧಕರು ಬಂದು ಫಾರಂ ತುಂಬಿದ್ದರೆ ಆಕೆಯ ಹೆಸರಿನ ಮುಂದೆ ನಾಲ್ಕೈದು ಟಿಕ್ ಬೀಳುತ್ತಿದ್ದವು. ಬಾಗಿಲಲ್ಲಿ ನಿಂತು ಕಾಗದ ಕೇಳಿದವರ ಹೆಸರಿಗೆ ಒಂದೂ ಇಲ್ಲ.

ವೈದ್ಯೆ, ನರ್ಸ್‌ಗಳ ಅಮಾನತು ಆಯಿತು. ಸಚಿವರು ಬಂದರು, ತನಿಖೆ ಎಂದರು. ತುರ್ತು ಸಂದರ್ಭದಲ್ಲಿ ಯಾವ ದಾಖಲೆಯನ್ನೂ ಕೇಳುವಂತಿಲ್ಲ ಎಂಬ ಸೂಚನೆ ಹೊರಟಿತು. 2011ರಿಂದಲೇ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಔಷಧ, ಊಟ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವ ವಾಹನ ಎಲ್ಲವೂ ಉಚಿತ. ಹನ್ನೊಂದು ವರ್ಷದಿಂದ ಇದ್ದ ಹಕ್ಕನ್ನು ಮೂರು ಹೆಣಗಳ ನಂತರ ಹೊಸ ಆದೇಶದಂತೆ ಓದಿ ಹೇಳಿದರು.

ಅದಾಗಿ ಎರಡು ವಾರಕ್ಕೆ ನವೆಂಬರ್ 17 ಬಂತು. ಬೇರೆ ಮಾತು ಬೇಡ.

‘ರೆಫರ್’ ಎಂಬ ರೋಗವನ್ನು ಯಾರಾದರೂ ಸಂಶೋಧನೆ ಮಾಡಬೇಕು. ಗುಬ್ಬಿ ಕಡೆಯಿಂದ ತುಮಕೂರಿಗೆ ಸುಮಾರು 20 ಕಿ.ಮೀ., ಅಲ್ಲಿಂದ ಬೆಂಗಳೂರಿಗೆ 70. ಕುಣಿಗಲ್‌ನವರಿಗೆ ತುಮಕೂರಿಗೆ ಹೋಗುವುದೋ, ನೇರ ಬೆಂಗಳೂರು ದಾರಿ ಹಿಡಿಯುವುದೋ ಎಂಬ ಪ್ರಶ್ನೆ, ಅದನ್ನೂ ಆಂಬುಲೆನ್ಸ್ ಹತ್ತಿದ ಮೇಲೆ ಬಗೆಹರಿಸಿಕೊಳ್ಳಬೇಕು. ಹೊಟ್ಟೆಯೊಳಗೆ ಇರುವ ಮಗುವಿನಷ್ಟು ಸುರಕ್ಷಿತ ಪ್ರಯಾಣಿಕ ಇನ್ನೊಬ್ಬನಿಲ್ಲ ಎಂದು ವೈದ್ಯರೇ ಹೇಳುತ್ತಾರೆ. ಆದ್ದರಿಂದ ನೋವು ಶುರುವಾದ ತಕ್ಷಣ ಸರಿಯಾದ ಜಾಗಕ್ಕೆ ಸಾಗಿಸಬೇಕು. ನಾವು ಹುಟ್ಟುವವರೆಗೆ ಕಾದು, ಆಮೇಲೆ ಆಕ್ಸಿಜನ್ ಹುಡುಕುತ್ತೇವೆ.

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರುವರಿ 6ರಂದು ಪ್ರಧಾನಿಯೇ ಬಂದು ಉದ್ಘಾಟಿಸಿದರು. ಹೆಮ್ಮೆಯ ವಿಷಯ. ಹೆಲಿಕಾಪ್ಟರ್ ಕೇಳುವಷ್ಟು ಆಸೆಬುರುಕರು ನಾವಲ್ಲ. 108ಕ್ಕೆ ಫೋನ್ ಮಾಡಿದಾಗ ‘ಗಾಡಿ ಇನ್ನೊಂದು ಕೇಸಿಗೆ ಹೋಗಿದೆ’ ಎಂಬ ಉತ್ತರ ಬಾರದಿದ್ದರೆ ನಮಗೆ ಸಾಕು.

ದಾರಿ ದಾಟಿ ಮಗು ಹುಟ್ಟಿತು, ಉಳಿಯಿತು ಎನ್ನೋಣ. ಮಗು ನವಜಾತ ಶಿಶು ಘಟಕದ ಒಳಗೆ, ತಾಯಿ ಹೊರಗಿನ ವರಾಂಡದಲ್ಲಿ ಚಾಪೆಯ ಮೇಲೆ. ಹಾಲು ಹಿಂಡಿ ಕೊಡಲು ಕರೆದಾಗ ಒಳಗೆ, ಉಳಿದಂತೆ ‘ಆ ಕಡೆ ಹೋಗಮ್ಮ’. ಆದರೆ ಮಗುವನ್ನು ಹುಟ್ಟಿದ ಕೂಡಲೇ ತಾಯಿಯ ಎದೆಗೆ ಒರಗಿಸಿ ದಿನವೆಲ್ಲ ಇಡುವ ಕಾಂಗರೂ ಆರೈಕೆಯಿಂದ ಸಾವು ಶೇ 15.7ರಿಂದ 12ಕ್ಕೆ ಇಳಿಯಿತು ಎಂದು 2021ರಲ್ಲೇ ಸಾಬೀತಾಗಿದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಆ ಅಧ್ಯಯನದಲ್ಲಿತ್ತು. ಗಾಜಿನ ಪೆಟ್ಟಿಗೆಗಳು ಸಾಲದೆ 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟದಲ್ಲಿ ಹೊಳೆದ ಉಪಾಯ ಇದು. ಬೇಕಾದ ಯಂತ್ರ ತಾಯಿಯೇ. ಅವಳನ್ನು ವರಾಂಡಕ್ಕೆ ಕಳಿಸಿ ಯಂತ್ರಕ್ಕೆ ಟೆಂಡರ್ ಕರೆಯುತ್ತೇವೆ.

ನಮ್ಮ ರಾಜ್ಯದಲ್ಲೇ ಕೊಪ್ಪಳ ಜಿಲ್ಲೆಯಲ್ಲಿ ಸರ್ಕಾರಿ ಆಸ್ಪತ್ರೆಗಳನ್ನೇ ಬಳಸಿ ಕಾಂಗರೂ ಆರೈಕೆಯನ್ನು ದೊಡ್ಡ ಮಟ್ಟದಲ್ಲಿ ಮಾಡಿ ತೋರಿಸಿದ್ದಾರೆ. ಕೊಪ್ಪಳದವರಿಗೆ ಆದದ್ದು ಬೆಂಗಳೂರಿನ ಮಗ್ಗುಲಲ್ಲಿರುವ ನಮಗೆ ಆಗದಿರಲು ಕಾರಣ ಹುಡುಕುವುದು ಕಷ್ಟ. ಕಾರಣ ಕೊಡುವವರಿಗೆ ಕಷ್ಟವಾಗುವುದಿಲ್ಲ.

ಕೊನೆಗೆ ಲೆಕ್ಕದ ಪುಸ್ತಕ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅದೇ ನಮ್ಮ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಕೈಯಲ್ಲಿ ಬರೆದಿಟ್ಟಿದ್ದರು. ಅರ್ಧ ಶತಮಾನದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು ಅಂದು ಹುಟ್ಟಿದವರನ್ನು ಹುಡುಕಿ, ಹುಟ್ಟಿದಾಗಿನ ತೂಕಕ್ಕೂ ನಡುವಯಸ್ಸಿನ ಹೃದಯ ರೋಗಕ್ಕೂ ಇರುವ ನಂಟನ್ನು 1996ರಲ್ಲಿ ಜಗತ್ತಿಗೆ ತೋರಿಸಿದರು. ಶಾಯಿಯಲ್ಲಿ ಬರೆದದ್ದು ಅರವತ್ತು ವರ್ಷ ಉಳಿದಿತ್ತು. ಇವತ್ತಿನ ಪೋರ್ಟಲ್ ಮಧ್ಯಾಹ್ನದ ಮೇಲೆ ತೆರೆದುಕೊಂಡರೆ ನಮ್ಮ ಪುಣ್ಯ.

ಇವತ್ತು ಬರೆಯುವುದಿಲ್ಲ ಎಂದಲ್ಲ. ಆಶಾ ಬರೆಯುತ್ತಾರೆ, ನರ್ಸಮ್ಮ ಬರೆಯುತ್ತಾರೆ, ಅಂಗನವಾಡಿ ಟೀಚರ್ ಬರೆಯುತ್ತಾರೆ, ಪುಸ್ತಕದಲ್ಲೂ ಮೊಬೈಲಿನಲ್ಲೂ. ಒಂದೇ ಬಸುರಿಯ ವಿವರ ಎರಡು ಇಲಾಖೆಗಳ ಬೇರೆ ಬೇರೆ ಆ್ಯಪ್‌ಗಳಲ್ಲಿ ಹತ್ತಿ ಕೂರುತ್ತದೆ. ಎಲ್ಲವೂ ಮೇಲಕ್ಕೆ ಹೋಗುತ್ತದೆ. ಕೆಳಗೆ ಬಂದದ್ದನ್ನು ಕಂಡವರಿಲ್ಲ.

ತಾಲ್ಲೂಕುಗಳಲ್ಲಿ ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ ನಡೆಯುತ್ತದೆ. ಮಳೆ ಎಷ್ಟಾಯಿತು, ಗೊಬ್ಬರ ಬಂತೇ, ಹೇಮಾವತಿ ನೀರು ಯಾವಾಗ ಎಂದು ಚರ್ಚೆಯಾಗುತ್ತದೆ. ಆರೋಗ್ಯ ಇಲಾಖೆಯ ಸರದಿ ಬರುವಾಗ ಊಟದ ಹೊತ್ತು. ಗುರಿ ಇಷ್ಟು, ಸಾಧನೆ ಶೇ 98 ಎಂದು ಓದಿ ಕೂರುತ್ತಾರೆ. ಮುಂದಿನ ಸಲ ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಒಬ್ಬ ಸದಸ್ಯರಾದರೂ ಊಟ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ ಎಂದು ನಾಲ್ಕು ಪ್ರಶ್ನೆ ಕೇಳಲಿ. ಕಳೆದ ವರ್ಷ ಈ ತಾಲ್ಲೂಕಿನಲ್ಲಿ 37 ವಾರಕ್ಕೆ ಮುಂಚೆ ಹುಟ್ಟಿದ ಮಕ್ಕಳೆಷ್ಟು? ಆ ತಾಯಂದಿರಲ್ಲಿ 13 ವಾರದೊಳಗೆ ಸ್ಕ್ಯಾನಿಂಗ್ ಆದವರೆಷ್ಟು? ಸ್ಟಿರಾಯ್ಡ್ ಸಿಕ್ಕಿದ್ದು ಎಷ್ಟು ಮಂದಿಗೆ? ರೆಫರ್ ಆದವರು ಎಷ್ಟು ಆಸ್ಪತ್ರೆ ಸುತ್ತಿದರು?

ಉತ್ತರ ನಮಗೆ ಬಾಯಿಪಾಠ: ‘ಮಾಹಿತಿ ಪಡೆದು ತಿಳಿಸಲಾಗುವುದು.’ ಆಗಲಿ, ಪಡೆಯಲಿ. ಎಷ್ಟು ವಾರದೊಳಗೆ ಎಂಬುದನ್ನೂ ನಡಾವಳಿಯಲ್ಲಿ ದಾಖಲಿಸಲಿ, ಈ ಸಲ ನೆಂಟರ ಲೆಕ್ಕ ಬೇಡ.